ಜಿಮ್‌ಖಾನದ ಕುದುರೆ, ಬೀದಿಯ ಕುದುರೆ

ಮುಂಬಯಿಯ ಮಹಾಲಕ್ಷ್ಮಿ ರೈಲು ನಿಲ್ದಾಣದ ಒಂದು ಮಗ್ಗುಲಿಗೆ ಧೋಬಿ ಘಾಟ್, ಇನ್ನೊಂದು ಮಗ್ಗುಲಿಗೆ ರೇಸ್ ಕೋರ್ಸ್. ಲೋಕಲ್ ಗಾಡಿಯ ಬಾಗಿಲಲ್ಲಿ ಜೋತುಬಿದ್ದು ಹೋಗುವವರಿಗೆ ರೇಸ್ ಕೋರ್ಸ್ ಎಂದರೆ ಜೂಜು, ಹಣವಂತರು, ಭಾನುವಾರದ ಗದ್ದಲ. ಅದೇ ಆವರಣದಲ್ಲಿ ಬೆಳಗಿನ ಹೊತ್ತು ಇನ್ನೊಂದು ಲೋಕವೂ ಇರುತ್ತದೆ. ಗಟ್ಟಿ ಟೋಪಿ, ಮೊಣಕಾಲುದ್ದದ ಬೂಟು ತೊಟ್ಟ ಹತ್ತು ಹನ್ನೆರಡು ವರ್ಷದ ಹುಡುಗ ಹುಡುಗಿಯರು ತಮಗಿಂತ ಎಷ್ಟೋ ಪಟ್ಟು ಭಾರದ ಪ್ರಾಣಿಯ ಮೇಲೆ ಕೂತು, ಮರದ ಅಡ್ಡದಂಡಗಳನ್ನು ದಾಟಲು ಕಲಿಯುತ್ತಾರೆ. ಇದು 1942ರಲ್ಲಿ ಹುಟ್ಟಿದ ಅಮೆಚೂರ್ ರೈಡರ್ಸ್ ಕ್ಲಬ್. ಕಿರಿಯರ ರಾಷ್ಟ್ರೀಯ ಅಶ್ವಾರೋಹಣ ಸ್ಪರ್ಧೆಗಳಿಗೆ ಮುಂಬಯಿಯಿಂದ ಹೋಗುವ ಮಕ್ಕಳ ಕಲಿಕೆ ಇಂಥ ಅಂಗಳಗಳಲ್ಲೇ ಶುರುವಾಗುತ್ತದೆ.

ಈ ಮಕ್ಕಳ ಆಟಕ್ಕೆ ಒಂದು ಉದ್ದನೆಯ ಚರಿತ್ರೆಯಿದೆ. ಅದರಲ್ಲಿ ಸಮುದ್ರ ದಾಟಿ ಬಂದ ಕುದುರೆಗಳಿವೆ, ನಮ್ಮಿಂದ ಇಂಗ್ಲೆಂಡಿಗೆ ಹೋಗಿ ಅರ್ಥ ಬದಲಿಸಿಕೊಂಡ ಒಂದು ಪದವಿದೆ, ಬೀದಿಯಿಂದ ಮಾಯವಾದ ಗಾಡಿಗಳಿವೆ, ಊರಿನ ನಡುವಿನ ಇನ್ನೂರು ಚಿಲ್ಲರೆ ಎಕರೆ ಬಯಲಿನ ಜಗಳವಿದೆ. ಈ ಊರಿನಲ್ಲಿ ಕುದುರೆಯ ಬೆನ್ನೇರುವ ಮಗು ಯಾರ ಮನೆಯದು, ಲಗಾಮು ಹಿಡಿದು ಪಕ್ಕದಲ್ಲಿ ನಡೆಯುವ ಮಗು ಯಾರ ಮನೆಯದು ಎಂಬುದೂ ಆ ಚರಿತ್ರೆಯಲ್ಲೇ ತೀರ್ಮಾನವಾದ ಸಂಗತಿ.

ಮೊದಲು ಒಂದು ಸರಳ ಭೂಗೋಳ. ನಮ್ಮ ಪಶ್ಚಿಮ ಕರಾವಳಿ ಕುದುರೆಯ ನೆಲವಲ್ಲ. ನಾಲ್ಕು ತಿಂಗಳ ಮಳೆ, ಸೆಕೆ, ಕೆಸರು ಇವು ಒಣ ಬಯಲಿನ ಈ ಪ್ರಾಣಿಗೆ ಒಗ್ಗುವುದಿಲ್ಲ. ಆದ್ದರಿಂದ ದಕ್ಷಿಣದ ಅರಸರು ಶತಮಾನಗಳ ಕಾಲ ಕುದುರೆಗಳನ್ನು ಅರಬ್ ದೇಶಗಳಿಂದ, ಪರ್ಷಿಯಾದ ಕೊಲ್ಲಿಯಿಂದ ಹಡಗಿನಲ್ಲಿ ತರಿಸಿದರು. ಭಟ್ಕಳ, ಹೊನ್ನಾವರ, ಆಮೇಲೆ ಗೋವೆ ಈ ವ್ಯಾಪಾರದಿಂದ ಬೆಳೆದ ಬಂದರುಗಳು. ವಿಜಯನಗರದ ಅರಸ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸಂಖ್ಯೆಯನ್ನು ಪೂರ್ತಿ ನಂಬದಿದ್ದರೂ ವ್ಯಾಪಾರದ ಗಾತ್ರ ಅದರಿಂದ ತಿಳಿಯುತ್ತದೆ. ಹೀಗೆ ತರಿಸಿದ ಪ್ರಾಣಿ ದುಬಾರಿಯಾಗಿತ್ತು. ಹೊಲ ಉಳಲು ಎತ್ತು, ಹೊರೆ ಹೊರಲು ಕತ್ತೆ, ಕೋಣ. ಕುದುರೆ ಮಾತ್ರ ದಳವಾಯಿಗೆ, ದೊರೆಗೆ, ದೇವರ ಮೆರವಣಿಗೆಗೆ. ಬಡವನಿಗೆ ಸಿಕ್ಕದ್ದು ಕುಳ್ಳ ತಟ್ಟು ಕುದುರೆ. ದಖನ್ನಿನ ಆ ತಟ್ಟುಗಳ ಮೇಲೆಯೇ ಮರಾಠರ ದಂಡು ಓಡಾಡಿತು. ಭೀಮಾ ನದಿಯ ಸೀಮೆಯ ಆ ತಳಿಗೆ ಭೀಮಥಡಿ ಎಂದು ಹೆಸರು. ಕುರಿ ಮಂದೆಯೊಂದಿಗೆ ಅಲೆಯುವ ಧನಗರರು ಇವತ್ತಿಗೂ ಮನೆಯ ಸಾಮಾನನ್ನು ಅದರ ಬೆನ್ನ ಮೇಲೆ ಹೇರಿಕೊಂಡು ಹೋಗುತ್ತಾರೆ. ಆ ಹೊರೆಯ ಮೇಲೆ ಕೆಲವೊಮ್ಮೆ ಒಂದು ಪುಟ್ಟ ಮಗುವೂ ಕೂತಿರುತ್ತದೆ. ಮಹಾರಾಷ್ಟ್ರದ ಅತಿ ಹಳೆಯ ಕಿರಿಯ ಸವಾರರು ಅವರೇ ಇರಬೇಕು. ಅವರಿಗೆ ಪದಕ ಕೊಡುವ ಸ್ಪರ್ಧೆ ಯಾವುದೂ ಇಲ್ಲ.

ಬ್ರಿಟಿಷರ ಕಾಲದಲ್ಲಿ ಕುದುರೆಯ ಹಡಗು ಮುಂಬಯಿಗೆ ತಿರುಗಿತು. ಬಸ್ರಾ, ಕುವೈತ್‌ಗಳ ಕಡೆಯಿಂದ ಬಂದ ಅರಬಿ ಕುದುರೆಗಳು ಇಲ್ಲಿ ಇಳಿದು, ಸೇನೆಗೂ ಸಂಸ್ಥಾನಗಳಿಗೂ ರೇಸಿನ ಶೋಕಿಯವರಿಗೂ ಮಾರಾಟವಾದವು. ಮೊದಮೊದಲು ಪಂದ್ಯಗಳು ನಡೆದದ್ದು ಬೈಕಲಾದಲ್ಲಿ. 1883ರಲ್ಲಿ ಮಹಾಲಕ್ಷ್ಮಿಯ ಜವುಗು ನೆಲವನ್ನು ಹದಗೊಳಿಸಿ ಈಗಿನ ಮೈದಾನ ಮಾಡಿದರು. ಅಷ್ಟರಲ್ಲಿ ಕುದುರೆ ಊರಿನ ಜನಸಾಮಾನ್ಯರ ಬದುಕಿಗೂ ಬಂದಿತ್ತು, ಬೆನ್ನೇರುವ ಪ್ರಾಣಿಯಾಗಿ ಅಲ್ಲ, ಎಳೆಯುವ ಪ್ರಾಣಿಯಾಗಿ. 1874ರ ಮೇ 9ರಂದು ಮುಂಬಯಿಯಲ್ಲಿ ಮೊದಲ ಟ್ರಾಮ್ ಓಡಿತು. ಅದನ್ನು ಎಳೆದದ್ದು ಕುದುರೆಗಳು. ಶುರುವಿನಲ್ಲಿ ಕಂಪನಿಯ ಲಾಯದಲ್ಲಿ 900 ಕುದುರೆಗಳಿದ್ದವು. 1905ರಲ್ಲಿ ಕುದುರೆ ಟ್ರಾಮ್ ನಿಂತಾಗ 1,360. 1907ರಲ್ಲಿ ವಿದ್ಯುತ್ ಟ್ರಾಮ್ ಬಂತು. ಬೀದಿಯಲ್ಲಿ ಉಳಿದದ್ದು ವಿಕ್ಟೋರಿಯಾ ಗಾಡಿ.

ಈಗ ಆ ಪದದ ಕಥೆ. ‘ಜಿಮ್‌ಖಾನ’ ಎಂದರೆ ಮುಂಬಯಿಯವರಿಗೆ ಕ್ರಿಕೆಟ್ಟು ನೆನಪಾಗುತ್ತದೆ. 1875ರಲ್ಲಿ ಬಾಂಬೆ ಜಿಮ್‌ಖಾನ, 1885ರಲ್ಲಿ ಪಾರ್ಸಿಗಳದ್ದು, 1892ರಲ್ಲಿ ಇಸ್ಲಾಂ ಜಿಮ್‌ಖಾನ, 1894ರಲ್ಲಿ ಹಿಂದೂ ಜಿಮ್‌ಖಾನ ಹೀಗೆ ಒಂದೊಂದು ಕೋಮಿಗೂ ಒಂದೊಂದು. ಚೆಂಡಾಟದ ಮನೆ ಎಂಬರ್ಥದ ‘ಗೇಂದ್‌ಖಾನ’ಕ್ಕೆ ಇಂಗ್ಲಿಷಿನ ಜಿಮ್ನಾಸ್ಟಿಕ್ಸ್ ಬೆರೆತು ಆದ ಪದ ಇದು ಎನ್ನುತ್ತಾರೆ. ಆಂಗ್ಲೋ ಇಂಡಿಯನ್ ಪದಗಳ ಪ್ರಸಿದ್ಧ ಕೋಶ ‘ಹಾಬ್ಸನ್ ಜಾಬ್ಸನ್’ ಇದರ ಮೊದಲ ಬಳಕೆಯನ್ನು 1861ರ ರೂರ್ಕಿಯಲ್ಲಿ ಗುರುತಿಸುತ್ತದೆ. ದಂಡಿನ ಪ್ರದೇಶಗಳಲ್ಲಿ ಜಿಮ್‌ಖಾನ ಎಂದರೆ ಆಟೋಟದ ಜಾಗ, ಆಟೋಟದ ದಿನ. ಆ ದಿನ ಕುದುರೆ ಮೇಲೆ ಕೂತು ಈಟಿಯಿಂದ ಗೂಟ ಕೀಳುವುದು, ನೆಟ್ಟ ಕಂಬಗಳ ನಡುವೆ ಹಾವಿನಂತೆ ಬಳಸಿ ಓಡುವುದು, ಚಮಚದಲ್ಲಿ ಮೊಟ್ಟೆ ಹಿಡಿದು ಸವಾರಿ ಮಾಡುವುದು ಇಂಥ ಮೋಜು ನಡೆಯುತ್ತಿತ್ತು. ಪದ ಹಡಗೇರಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಇವತ್ತಿಗೂ ‘ಜಿಮ್‌ಖಾನ’ ಎಂದರೆ ಕ್ರಿಕೆಟ್ ಕ್ಲಬ್ ಅಲ್ಲ. ತಟ್ಟು ಕುದುರೆಗಳ ಮೇಲೆ ಮಕ್ಕಳು ಆಡುವ ಆಟಗಳ ಕೂಟ.

1929ರಲ್ಲಿ ಬ್ರಿಟನ್ನಿನಲ್ಲಿ ‘ಪೋನಿ ಕ್ಲಬ್’ ಹುಟ್ಟಿತು. ಮಕ್ಕಳಿಗೆ ಸವಾರಿಯನ್ನೂ ಅದರಷ್ಟೇ ಮುಖ್ಯವಾಗಿ ಲಾಯದ ಕೆಲಸವನ್ನೂ ಕಲಿಸುವುದು ಅದರ ಉದ್ದೇಶ. ಗೊರಸು ಕೆರೆಯುವುದು, ಮೈ ತಿಕ್ಕುವುದು, ಮೇವು ಅಳೆಯುವುದು, ಜೀನು ಕಟ್ಟುವುದು, ಕಾಯಿಲೆಯ ಲಕ್ಷಣ ಗುರುತಿಸುವುದು ಎಲ್ಲಕ್ಕೂ ಪರೀಕ್ಷೆಗಳುಂಟು. 1957ರಲ್ಲಿ ರಾಣಿಯ ಗಂಡ ಫಿಲಿಪ್ ಹೆಸರಿನ ಕಪ್ ಶುರುವಾಯಿತು. ದುಬಾರಿ ಕುದುರೆಯಿಲ್ಲದ, ಸಾಧಾರಣ ತಟ್ಟು ಇರುವ ಮಕ್ಕಳೂ ತಂಡ ಕಟ್ಟಿ ಗೆಲ್ಲುವಂತಿರಬೇಕು ಎಂಬುದು ಅದರ ಹಿಂದಿನ ಯೋಚನೆ. ಅಲ್ಲಿನ ಆಟಗಳಲ್ಲಿ ಬಹಳಷ್ಟು ನಮ್ಮ ದಂಡಿನ ಜಿಮ್‌ಖಾನಗಳ ಆಟಗಳ ಸಂಬಂಧಿಕರೇ. ಮೋಜಿಗೆ ಹುಟ್ಟಿದ ಆಟವನ್ನು ಇಂಗ್ಲೆಂಡು ತನ್ನ ಮಕ್ಕಳಿಗೆ ಕೊಟ್ಟಿತು. ಪದ ಹುಟ್ಟಿದ ನಾಡಿನಲ್ಲಿ ಅದು ಮಕ್ಕಳಿಗೆ ದಕ್ಕಲಿಲ್ಲ.

ಯಾಕೆ ದಕ್ಕಲಿಲ್ಲ ಎಂಬುದಕ್ಕೆ ಕ್ರಿಕೆಟ್ಟನ್ನೇ ಪಕ್ಕದಲ್ಲಿಟ್ಟು ನೋಡಬಹುದು. ಅದೂ ಬಿಳಿಯರ ಜಿಮ್‌ಖಾನದ ಆಟವೇ. ಆದರೆ ಪಾರ್ಸಿ ಹುಡುಗರು ಬೇಲಿಯಾಚೆ ನಿಂತು ನೋಡಿ ಕಲಿತರು, ಅವರಿಂದ ಊರೆಲ್ಲ ಕಲಿಯಿತು. ಮರದ ಹಲಗೆ ಬ್ಯಾಟಾಯಿತು, ಗೋಡೆಯ ಮೇಲಿನ ಮೂರು ಗೀಟು ಸ್ಟಂಪಾಯಿತು. ಕುದುರೆಗೆ ಅಂಥ ಬದಲಿ ಇಲ್ಲ. ಸುಮಾರು 450 ಕಿಲೋ ತೂಗುವ ಕುದುರೆ ದಿನಕ್ಕೆ ಒಂಬತ್ತು ಕಿಲೋದಷ್ಟು ಮೇವು ತಿನ್ನುತ್ತದೆ, 25ರಿಂದ 40 ಲೀಟರ್ ನೀರು ಕುಡಿಯುತ್ತದೆ. ಆರೇಳು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ಸವಾರ ರಜೆ ಹಾಕಿದರೂ ಕುದುರೆಯ ಹೊಟ್ಟೆಗೆ ರಜೆಯಿಲ್ಲ. ಇಂಗ್ಲಿಷರು ನಮ್ಮ ಹುರುಳಿಗೆ ‘ಕುದುರೆ ಕಾಳು’ ಎಂಬರ್ಥದ ಹೆಸರನ್ನೇ ಇಟ್ಟರು. ನಾವು ಸಾರು ಮಾಡಿ ಉಣ್ಣುವ ಕಾಳು ಅವರಿಗೆ ಲಾಯದ ಸಾಮಗ್ರಿ. ಮುಂಬಯಿಯಂಥ ಊರಲ್ಲಿ, ಮನುಷ್ಯರೇ ಹತ್ತಡಿ ಕೋಣೆಯಲ್ಲಿ ಐದಾರು ಜನ ಮಲಗುವ ಕಡೆ, ಕುದುರೆಗೆ ಹನ್ನೆರಡಡಿಯ ಲಾಯ ಬೇಕು. ಈ ಲೆಕ್ಕವೇ ಮಕ್ಕಳನ್ನು ಎರಡು ಪಾಲು ಮಾಡಿತು.

ಸವಾರಿಯ ಆಟಕ್ಕೆ ಹುಟ್ಟಿನಿಂದಲೇ ಅಂತಸ್ತಿನ ಹಮ್ಮು ಅಂಟಿಕೊಂಡಿತ್ತು. 1948ರ ಲಂಡನ್ ಒಲಿಂಪಿಕ್ಸಿನ ಡ್ರೆಸ್ಸಾಜ್ ಸ್ಪರ್ಧೆಯಲ್ಲಿ, ಎಂದರೆ ಕುದುರೆಯನ್ನು ತಾಳಬದ್ಧವಾಗಿ ನಡೆಸುವ ವಿಭಾಗದಲ್ಲಿ, ಸ್ವೀಡನ್ ತಂಡ ಚಿನ್ನ ಗೆದ್ದಿತು. ಮರುವರ್ಷ ಅದನ್ನು ಕಿತ್ತುಕೊಂಡರು. ತಂಡದ ಗೆಹ್ನಾಲ್ ಪೆರ್ಶೋನ್ ಅಧಿಕಾರಿಯಲ್ಲ, ಸಾರ್ಜೆಂಟ್ ಎಂಬುದು ತಪ್ಪು. ಆಗ ಅಲ್ಲಿ ಸೇನಾಧಿಕಾರಿಗಳಿಗೆ, ಇಲ್ಲವೇ ಸೇನೆಯವರಲ್ಲದ ಗಂಡಸರಿಗೆ ಮಾತ್ರ ಪ್ರವೇಶ. 1952ರಲ್ಲಿ ನಿಯಮ ಸಡಿಲವಾಯಿತು, ಹೆಂಗಸರೂ ಬಂದರು. ಪೋಲಿಯೋದಿಂದ ಮೊಣಕಾಲ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಆ ವರ್ಷ ಬೆಳ್ಳಿ ಗೆದ್ದಳು. ಇವತ್ತು ಒಲಿಂಪಿಕ್ಸಿನಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಒಂದೇ ಪದಕಕ್ಕೆ ಎದುರಾಬದುರಾ ಸೆಣಸುವ ಆಟ ಇದು. ಬಾಗಿಲನ್ನು ಅಗಲ ಮಾಡಬಹುದು ಎಂಬುದಕ್ಕೆ ಈ ಆಟದ ಚರಿತ್ರೆಯಲ್ಲೇ ಸಾಕ್ಷಿಯಿದೆ.

ಭಾರತದಲ್ಲಿ ಆ ಬಾಗಿಲು ಬಹಳ ಕಾಲ ಸೇನೆಯ ಕೈಯಲ್ಲಿತ್ತು. ಸಂಸ್ಥಾನಗಳ ಅಶ್ವದಳಗಳನ್ನು ಸೇರಿಸಿ 1953ರಲ್ಲಿ 61ನೇ ಕ್ಯಾವಲ್ರಿಯನ್ನು ಕಟ್ಟಿದರು. 1918ರಲ್ಲಿ ಹೈಫಾ ಪಟ್ಟಣವನ್ನು ಗೆದ್ದ ಕಾಳಗದಲ್ಲಿದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅದರಲ್ಲಿ ಕರಗಿತು. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ರಘುಬೀರ್ ಸಿಂಗ್ ಈವೆಂಟಿಂಗಿನಲ್ಲಿ ಚಿನ್ನ ಗೆದ್ದದ್ದು, ತಂಡಕ್ಕೂ ಚಿನ್ನ ಬಂದದ್ದು ಸೇನೆಯ ಸವಾರರಿಂದಲೇ. ಸೇನೆಯ ದಾರಿಯಲ್ಲಿ ಒಂದು ಒಳ್ಳೆಯದಿತ್ತು: ಹಳ್ಳಿಯ ಹುಡುಗನಿಗೆ ಸ್ವಂತ ಕುದುರೆ ಬೇಕಿರಲಿಲ್ಲ. ಸರ್ಕಾರದ ಕುದುರೆ, ಸರ್ಕಾರದ ಹುರುಳಿ.

ನಾಗರಿಕರ ದಾರಿ ಕ್ಲಬ್ಬುಗಳ ಮೂಲಕ ಹೋಯಿತು. 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋದ ಇಮ್ತಿಯಾಜ್ ಅನೀಸ್ ಮುಂಬಯಿಯವರು. ಇಪ್ಪತ್ತು ವರ್ಷ ಭಾರತದಿಂದ ಇನ್ನೊಬ್ಬ ಸವಾರ ಹೋಗಲಿಲ್ಲ. ಆಮೇಲೆ ಹೋದವರು ಬೆಂಗಳೂರಿನ ಫವಾದ್ ಮಿರ್ಜಾ. ತಂದೆ ಪಶುವೈದ್ಯರು, ಕುದುರೆ ಮನೆಯಲ್ಲೇ ಮಾತಾಗಿತ್ತು. 2018ರ ಜಕಾರ್ತಾದಲ್ಲಿ ಫವಾದ್ ಗೆದ್ದ ಬೆಳ್ಳಿ 36 ವರ್ಷಗಳ ನಂತರ ದೇಶಕ್ಕೆ ಬಂದ ಮೊದಲ ವೈಯಕ್ತಿಕ ಪದಕ. ಟೋಕಿಯೋದಲ್ಲಿ ಅವರು 23ನೆಯವರಾದರು. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌನಲ್ಲಿ ಡ್ರೆಸ್ಸಾಜ್ ತಂಡ ಚಿನ್ನ ಗೆದ್ದಿತು, 41 ವರ್ಷಗಳ ನಂತರದ ಚಿನ್ನ. ಕೋಲ್ಕತ್ತದ ಅನೂಷ್ ಅಗರವಾಲಾ, ಇಂದೋರಿನ ಸುದೀಪ್ತಿ ಹಜೇಲಾ, ಜೈಪುರದ ದಿವ್ಯಕೃತಿ ಸಿಂಗ್, ಮುಂಬಯಿಯ ಹೃದಯ್ ಛೇಡಾ. ನಾಲ್ವರೂ ಇಪ್ಪತ್ತರ ಆಸುಪಾಸಿನವರು, ಒಬ್ಬರೂ ಸೇನೆಯವರಲ್ಲ, ಇಬ್ಬರು ಹುಡುಗಿಯರು.

ಈ ಗೆಲುವಿನ ಹಿಂದೆ ಒಂದು ವಿಚಿತ್ರವಿದೆ. ನಾಲ್ವರೂ ತಯಾರಾದದ್ದು ಯುರೋಪಿನಲ್ಲಿ. ಕುದುರೆಗಳೂ ಅಲ್ಲಿಯವೇ. ಗ್ಲಾಂಡರ್ಸ್‌ನಂಥ ರೋಗಗಳ ಭಯದಿಂದ ಭಾರತದ ಕುದುರೆಗಳನ್ನು ಹೊರದೇಶಕ್ಕೆ ಸ್ಪರ್ಧೆಗೆ ಒಯ್ಯುವುದು ಬಹಳ ಕಷ್ಟ. ಮೇಲಿನ ಮೆಟ್ಟಿಲೇರಬೇಕೆಂದರೆ ಹದಿನೈದು ಹದಿನಾರರ ವಯಸ್ಸಿಗೆ ಮನೆ, ಶಾಲೆ ಬಿಟ್ಟು ಪರದೇಶ ಸೇರಬೇಕು, ಅಲ್ಲೇ ಕುದುರೆ ಕೊಳ್ಳಬೇಕು, ಅಲ್ಲೇ ಸಾಕಬೇಕು. ಒಂದು ಕಾಲಕ್ಕೆ ಕುದುರೆಗಳು ಹಡಗೇರಿ ನಮ್ಮ ಕರಾವಳಿಗೆ ಬಂದವು. ಈಗ ನಮ್ಮ ಮಕ್ಕಳು ವಿಮಾನವೇರಿ ಕುದುರೆಯಿದ್ದಲ್ಲಿಗೆ ಹೋಗುತ್ತಾರೆ. ಖರ್ಚು ಯಾರು ಭರಿಸಬಲ್ಲರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆ ಹೋಗದೆ ಇಲ್ಲೇ ಉಳಿಯುವ ಮಕ್ಕಳಿಗೆ ಗುರುಗಳು ಯಾರು? ಹೆಚ್ಚಾಗಿ ರೇಸಿನಿಂದ ನಿವೃತ್ತವಾದ ಕುದುರೆಗಳು. ಅಂತರರಾಷ್ಟ್ರೀಯ ನಿಯಮದಂತೆ ಪೋನಿ ಎಂದರೆ ಭುಜದ ಬಳಿ ಎತ್ತರ 148 ಸೆಂಟಿಮೀಟರ್ ಮೀರದ್ದು. ಅದರ ಸವಾರರು 12ರಿಂದ 16 ವರ್ಷದವರು. ನಮ್ಮ ಕ್ಲಬ್ಬುಗಳಲ್ಲಿ ಅಂಥ ಒಳ್ಳೆಯ ಪೋನಿಗಳು ಕಡಿಮೆ. ನಮ್ಮ ಕುಣಿಗಲ್ಲಿನಲ್ಲೋ ಪುಣೆಯ ಸುತ್ತಲಿನ ಸ್ಟಡ್ ಫಾರಮ್ಮುಗಳಲ್ಲೋ ಹುಟ್ಟಿ, ಎರಡನೆಯ ವರ್ಷಕ್ಕೆ ಓಟಕ್ಕಿಳಿದು, ಐದಾರು ವರ್ಷಕ್ಕೆ ‘ಮುಗಿಯಿತು’ ಎನಿಸಿಕೊಂಡ ಥರೋಬ್ರೆಡ್ ಕುದುರೆಗೆ ಇನ್ನೂ ಹದಿನೈದು ಇಪ್ಪತ್ತು ವರ್ಷ ಆಯುಸ್ಸಿರುತ್ತದೆ. ಅದನ್ನು ಸವಾರಿ ಶಾಲೆ ಪಡೆದುಕೊಳ್ಳುತ್ತದೆ. ನಾಗಾಲೋಟಕ್ಕೆಂದೇ ಹುಟ್ಟಿಸಿದ ಪ್ರಾಣಿಗೆ ನಿಲ್ಲುವುದನ್ನು, ಕಾಯುವುದನ್ನು, ವೃತ್ತದಲ್ಲಿ ನಡೆಯುವುದನ್ನು ಹೊಸದಾಗಿ ಕಲಿಸಬೇಕು. ಆಮೇಲೆ ಅದು ಮಗುವಿಗೆ ಕಲಿಸಬೇಕು. ಮಗುವಿನ ಕಾಲು ಅದರ ಹೊಟ್ಟೆಯ ಅರ್ಧಕ್ಕೂ ಬರುವುದಿಲ್ಲ. ಎಲ್ಲ ಕುದುರೆಗಳಿಗೂ ಈ ಅದೃಷ್ಟವಿಲ್ಲ, ಎಲ್ಲ ಕುದುರೆಗಳಿಗೂ ಈ ತಾಳ್ಮೆಯೂ ಇಲ್ಲ. ಆದರೂ ಒಂದು ಲಾಯ ಓಟ ಮುಗಿದ ಕುದುರೆಯನ್ನು ಉಳಿಸಿಕೊಳ್ಳುತ್ತದೆ ಎಂದರೆ ಅದು ಸಣ್ಣ ಮಾತಲ್ಲ.

ಇನ್ನು ಇನ್ನೊಂದು ಪಾಲಿನ ಮಕ್ಕಳು. ಚೌಪಾಟಿ, ಜುಹು ಮರಳಿನಲ್ಲಿ, ಮಾಥೇರಾನದ ಕೆಂಪು ಮಣ್ಣಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಕುದುರೆ ನಡೆಸುವವರ ಮನೆಯ ಮಕ್ಕಳು. ಸಯೀಸರ ಮಕ್ಕಳು. ಮೈಸೂರಿನ ಕಡೆ ಹಳಬರು ಕಾಸ್ತಾರ ಎನ್ನುತ್ತಿದ್ದ ಈ ಕುದುರೆಯಾಳಿಲ್ಲದೆ ಯಾವ ಕ್ಲಬ್ಬೂ ಒಂದು ದಿನ ನಡೆಯದು. ಪೋನಿ ಕ್ಲಬ್ ಪರೀಕ್ಷೆ ಇಟ್ಟು ಕಲಿಸುವ ಲಾಯದ ಕೆಲಸವೆಲ್ಲ ಈ ಮಕ್ಕಳಿಗೆ ಹುಟ್ಟಿನಿಂದ ಬಂದದ್ದು. ನಮ್ಮಲ್ಲಿ ಆ ಕೆಲಸ ವಿದ್ಯೆ ಎನಿಸಿಕೊಳ್ಳಲಿಲ್ಲ, ಚಾಕರಿ ಎನಿಸಿಕೊಂಡಿತು. ಬೆನ್ನೇರುವುದು ಒಬ್ಬರು, ಸಗಣಿ ಬಾಚುವುದು ಇನ್ನೊಬ್ಬರು ಎಂಬ ಏರ್ಪಾಟು ನಮ್ಮ ಸವಾರಿ ಶಾಲೆಗಳ ಮೂಲಕ ಮಕ್ಕಳಿಗೂ ಇಳಿಯಿತು. ಕುದುರೆಯ ಮೇಲೆ ಚೆನ್ನಾಗಿ ಕೂರಬಲ್ಲ ಆದರೆ ಅದರ ಗೊರಸನ್ನು ಒಮ್ಮೆಯೂ ಎತ್ತಿ ನೋಡದ ಮಗುವೂ ಅರ್ಧ ಕಲಿತಂತೆಯೇ.

2015ರ ಜೂನಿನಲ್ಲಿ ಬಾಂಬೆ ಹೈಕೋರ್ಟು ಮೋಜಿನ ಸವಾರಿಗೆ ವಿಕ್ಟೋರಿಯಾ ಓಡಿಸುವುದು ಕಾನೂನಿಗೆ ವಿರುದ್ಧ ಎಂದು ಹೇಳಿ, ಒಂದು ವರ್ಷದೊಳಗೆ ನಿಲ್ಲಿಸುವಂತೆ ಆದೇಶಿಸಿತು. ಪ್ರಾಣಿ ದಯೆಯವರ ದೂರು ಸುಳ್ಳಾಗಿರಲಿಲ್ಲ: ಡಾಂಬರಿನ ಮೇಲೆ ಸವೆದ ಗೊರಸು, ಗಾಳಿಯಿಲ್ಲದ ಲಾಯ, ಅರೆಹೊಟ್ಟೆ. ಆದರೆ ಆ ಲಾಯಗಳೊಂದಿಗೆ ನೂರಾರು ಕುಟುಂಬಗಳ ಕಸುಬು ಹೋಯಿತು. ತಲೆಮಾರುಗಳ ಕುದುರೆ ಜ್ಞಾನ ಬೇರೆ ಕೂಲಿ ಹುಡುಕಿತು. ಐದೇ ವರ್ಷಕ್ಕೆ, 2020ರಲ್ಲಿ, 1932ರಲ್ಲಿ ವಿಸರ್ಜಿಸಿದ್ದ ಅಶ್ವಪೊಲೀಸ್ ಪಡೆಯನ್ನು ಮುಂಬಯಿಯಲ್ಲಿ ಮತ್ತೆ ಕಟ್ಟುವುದಾಗಿ ಸರ್ಕಾರ ಸಾರಿತು. ಊರಿಗೆ ಕುದುರೆ ಬೇಡವಾದದ್ದಲ್ಲ, ಬಡವನ ಕೈಯಲ್ಲಿ ಬೇಡವಾದದ್ದು ಎಂದು ಯಾರಾದರೂ ಅಂದರೆ ಉತ್ತರಿಸುವುದು ಕಷ್ಟ.

ಕಾಲಾ ಘೋಡಾದ ಪ್ರತಿಮೆಯಲ್ಲೂ ಇಂಥದೇ ಒಂದು ಕಥೆಯಿದೆ. ಅಲ್ಲಿದ್ದದ್ದು ಕರಿ ಕುದುರೆಯ ಮೇಲೆ ಕೂತ ಇಂಗ್ಲೆಂಡಿನ ಯುವರಾಜ, ಮುಂದೆ ಏಳನೆಯ ಎಡ್ವರ್ಡ್ ದೊರೆಯಾದವನು. ಜನ ಯುವರಾಜನನ್ನು ಮರೆತು ಜಾಗಕ್ಕೆ ಕುದುರೆಯ ಹೆಸರಿಟ್ಟರು. 1965ರಲ್ಲಿ ಪ್ರತಿಮೆಯನ್ನು ಬೈಕಲಾದ ರಾಣಿಬಾಗಿಗೆ ಸಾಗಿಸಿದರೂ ಹೆಸರು ಹೋಗಲಿಲ್ಲ. 2017ರಲ್ಲಿ ಅಲ್ಲಿ ಹೊಸ ಕುದುರೆ ನಿಲ್ಲಿಸಿದರು, ಬೆನ್ನ ಮೇಲೆ ಯಾರೂ ಇಲ್ಲ. ದೊರೆ ಇಳಿದಾಯಿತು. ಖಾಲಿ ಜೀನಿನ ಮೇಲೆ ಮುಂದೆ ಯಾರು ಎಂಬುದು ಮಹಾಲಕ್ಷ್ಮಿಯ ನೆಲದ ಪ್ರಶ್ನೆ.

ಆ ನೆಲದ 99 ವರ್ಷದ ಗುತ್ತಿಗೆ 2013ರಲ್ಲಿ ಮುಗಿಯಿತು. ಹತ್ತು ವರ್ಷ ಜಗ್ಗಾಟ ನಡೆಯಿತು. ಥೀಮ್ ಪಾರ್ಕ್ ಎಂದರು, ಉದ್ಯಾನ ಎಂದರು, ಬಿಲ್ಡರುಗಳ ಕಣ್ಣಿದೆ ಎಂದು ಹೆದರಿದರು. 2024ರಲ್ಲಿ ಒಂದು ತೀರ್ಮಾನ ಬಂತು. 211 ಎಕರೆಯಲ್ಲಿ 120 ಎಕರೆ ಸಾರ್ವಜನಿಕ ಉದ್ಯಾನಕ್ಕೆ, 91 ಎಕರೆ ಟರ್ಫ್ ಕ್ಲಬ್ಬಿಗೆ, 2053ರವರೆಗೆ. ಪೇಟೆಯ ಮಕ್ಕಳಿಗೆ ಹಸಿರು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಚರ್ಚೆಯುದ್ದಕ್ಕೂ ಕುದುರೆ ಶ್ರೀಮಂತರ ಪಕ್ಷದಲ್ಲಿ, ಮಕ್ಕಳು ಸಾರ್ವಜನಿಕರ ಪಕ್ಷದಲ್ಲಿ ನಿಂತಂತೆ ಮಾತು ನಡೆಯಿತು. ಮಗುವಿಗೂ ಕುದುರೆಗೂ ಒಂದೇ ಬಯಲು ಇರಬಹುದು ಎಂಬ ಸಾಧ್ಯತೆ ಅಷ್ಟಾಗಿ ಕೇಳಿಸಲಿಲ್ಲ.

ಅಂಥ ಬಯಲು ಕನಸಿನದೇನಲ್ಲ. ಎನ್‌ಸಿಸಿಯ ರಿಮೌಂಟ್ ಮತ್ತು ವೆಟರ್ನರಿ ಘಟಕಗಳಲ್ಲಿ ಸಾಧಾರಣ ಮನೆಯ ವಿದ್ಯಾರ್ಥಿಗಳು ಸರ್ಕಾರಿ ಕುದುರೆಯ ಮೇಲೆ ಸವಾರಿ ಕಲಿಯುತ್ತಾರೆ, ಅದರ ಮೈಯನ್ನೂ ತಿಕ್ಕುತ್ತಾರೆ. ಮೈಸೂರಿನ ಅಶ್ವಾರೋಹಿ ಪೊಲೀಸರು ದಸರೆಯಲ್ಲಿ ಜನರ ಮುಂದೆ ಗೂಟ ಕೀಳುವ ಆಟ ಆಡುತ್ತಾರೆ. ಜಿಮ್‌ಖಾನದ ಆ ಹಳೆಯ ಆಟ ನಮ್ಮಲ್ಲಿ ಬೇಲಿಯಿಲ್ಲದೆ ಉಳಿದ ಜಾಗಗಳಲ್ಲಿ ಅದೂ ಒಂದು. ಮುಂಬಯಿಯ ಆ 120 ಎಕರೆಯ ಒಂದು ಮೂಲೆಯಲ್ಲಿ ಹತ್ತು ಭೀಮಥಡಿ ತಟ್ಟುಗಳು, ಹಳೆಯ ವಿಕ್ಟೋರಿಯಾ ಮನೆತನಗಳಿಂದ ನಾಲ್ಕು ಮಂದಿ ಮೇಷ್ಟ್ರುಗಳು, ನಗರಪಾಲಿಕೆ ಶಾಲೆಯ ಮಕ್ಕಳು ಇಷ್ಟಿದ್ದರೆ ಸಾಕು. ಮೊದಲ ವಾರ ಯಾರೂ ಬೆನ್ನೇರಬೇಕಿಲ್ಲ. ಗೊರಸು ಕೆರೆಯುವುದರಿಂದ, ಹುರುಳಿ ನೆನೆಹಾಕುವುದರಿಂದ ಪಾಠ ಶುರುವಾಗಲಿ.